ಪಾಂಡವಪುರದ ಕಳ್ಳಚುಕ್ಕಿ

ಇದು ನಿಜವಾಗಿ ನಡೆದದ್ದು. ಹೇಳುತ್ತಿರುವವನು ನಾನು ಎಂಬುದೊಂದೇ ಇದರ ಮೇಲಿರುವ ಅನುಮಾನ.

ನಾನು ಲೋಕೇಶ. ಪಾಂಡವಪುರದ ಒಂದು ಪದವಿ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು. ಸಂಬಳ ಬರುವುದು ಕನ್ನಡಕ್ಕೆ, ಹೆಸರು ಬಂದಿರುವುದು ಗಂಟಲಿಗೆ. ಯಾರ ಮಾತನ್ನಾದರೂ ಸ್ವಲ್ಪ ಹೊತ್ತು ಕೇಳಿದರೆ ಸಾಕು, ಅವರ ದನಿ ಬಂದು ನನ್ನ ಬಾಯಲ್ಲಿ ಬಾಡಿಗೆಗೆ ಕೂತುಬಿಡುತ್ತದೆ. ಒಮ್ಮೆ ಪ್ರಿನ್ಸಿಪಾಲರ ದನಿಯಲ್ಲಿ ಮೈಕಿನಲ್ಲಿ ಕಾಲೇಜಿಗೆಲ್ಲ ರಜೆ ಕೊಟ್ಟಿದ್ದೆ. ಪ್ರಿನ್ಸಿಪಾಲರೂ ಮನೆಗೆ ಹೋಗಿದ್ದರು.

ನನ್ನ ಪಕ್ಕದ ಕೊಠಡಿಯಲ್ಲಿ ಭೌತಶಾಸ್ತ್ರದ ಶಿವಶಂಕರ. ಶ್ರೀರಂಗಪಟ್ಟಣದವನು, ಹೆಂಡತಿ ಅರ್ಪಿತಳ ತವರು ಕಿಕ್ಕೇರಿಯ ಹತ್ತಿರ. ಓದುವ ಕಾಲದಿಂದಲೂ ನಾವು ಏಕವಚನದ ಗೆಳೆಯರು. ಅವನ ಹುಚ್ಚು ನಕ್ಷತ್ರ. ಆದರೆ ಅವನು ನಕ್ಷತ್ರ ನೋಡುವುದು ಹಾಡಹಗಲಲ್ಲಿ, ಲ್ಯಾಬಿನ ಕಂಪ್ಯೂಟರಿನ ಮುಂದೆ, ಕಟಕಟ ಎನ್ನುವ ಫ್ಯಾನಿನ ಕೆಳಗೆ.

ಅದು ಹೇಗೆಂದರೆ, ಸಮುದ್ರದಾಚೆಯ ಯಾವುದೋ ಒಣ ಬೆಟ್ಟದ ಮೇಲೆ ದೊಡ್ಡ ದೂರದರ್ಶಕವೊಂದಿದೆ. ಅದು ಆಕಾಶವನ್ನು ಒಂದು ಮೂಲೆಯೂ ಬಿಡದೆ ಮತ್ತೆ ಮತ್ತೆ ಫೋಟೋ ತೆಗೆಯುತ್ತದೆ. ಹೊಸ ಫೋಟೋದಿಂದ ಹಳೆಯ ಫೋಟೋವನ್ನು ಕಂಪ್ಯೂಟರು ಕಳೆಯುತ್ತದೆ. ಇವತ್ತಿನ ಗದ್ದೆಯಿಂದ ನಿನ್ನೆಯ ಗದ್ದೆಯನ್ನು ಕಳೆದರೆ ಏನುಳಿಯುತ್ತದೆ? ಹೊಸದಾಗಿ ಬಂದು ಕೂತ ಕೊಕ್ಕರೆ. ಹಾಗೆಯೇ ಆಕಾಶದಲ್ಲಿ ಉಳಿಯುವ ಚುಕ್ಕಿ ಒಮ್ಮೊಮ್ಮೆ ಸೂಪರ್‌ನೋವಾ ಆಗಿರುತ್ತದೆ. ಅಂದರೆ ಎಷ್ಟೋ ದೂರದ ಒಂದು ಗ್ಯಾಲಕ್ಸಿಯಲ್ಲಿ ಆಯುಸ್ಸು ಮುಗಿದ ನಕ್ಷತ್ರವೊಂದು ಸಿಡಿದು, ಕೆಲವು ವಾರ ಉರಿದು, ಆರಿಹೋಗುವ ಬೆಳಕು. ಬಹಳ ಸಲ ಅದು ಕ್ಯಾಮೆರಾದ ಕೊಳೆ, ಇಲ್ಲವೇ ನಡುವೆ ಹಾದುಹೋದ ಉಪಗ್ರಹ. ಕಂಪ್ಯೂಟರಿಗೇ ಅನುಮಾನ ಬಂದ ಚುಕ್ಕಿಗಳನ್ನು ಮನುಷ್ಯರ ಕಣ್ಣಿಗೆ ಬಿಡುತ್ತಾರೆ. ಹಾಗೆ ನೋಡಿಕೊಡುವ ಕಾಲೇಜು ಮೇಷ್ಟ್ರುಗಳ ತಂಡವೊಂದರಲ್ಲಿ ನಮ್ಮ ಶಿವಶಂಕರನೂ ಒಬ್ಬ. ಅವನ ಅತ್ತೆ ಚಿಕ್ಕಬೋರಮ್ಮನವರ ಲೆಕ್ಕದಲ್ಲಿ ಇದು ಕೆಲಸವೇ ಅಲ್ಲ. "ನಮ್ಮಳಿಮಯ್ಯ ಚುಕ್ಕಿ ಎಣಿಸ್ತರೆ" ಎಂದು ಊರಿಗೆಲ್ಲ ಹೇಳುತ್ತಿದ್ದರು. ನಾನು ಅದನ್ನು ತಿದ್ದಿ, ಅಳಿಯುವ ನಕ್ಷತ್ರ ಹುಡುಕುವ ಅಳಿಯ ಎಂದು ಮಾಡಿದ್ದೆ.

ಒಂದು ಹೊಸ ಸೂಪರ್‌ನೋವಾದ ಮುಂದೆ, ಕಂಡುಹಿಡಿದವರು ಎನ್ನುವ ಕಡೆ, ತನ್ನ ಹೆಸರು ಒಂದೇ ಒಂದು ಸಲ ಬರಬೇಕು ಎಂಬುದು ಅವನ ಆಸೆ. ವರ್ಷಗಟ್ಟಲೆ ನೋಡಿದ. ಪ್ರತಿ ಸಲವೂ ಇವನು ಕಂಡಿದ್ದನ್ನು ಯಾರೋ ಜಪಾನಿನವನೋ ಇಟಲಿಯವಳೋ ಆಗಲೇ ಕಂಡು, ಬರೆಸಿ, ಕಾಫಿ ಕುಡಿದು ಮುಗಿಸಿರುತ್ತಿದ್ದರು. "ಇದು ಸೂಪರ್‌ನೋವಾ ಅಲ್ಲ ಕಣ್ಲಾ, ಸೂಪರ್ ನೋವು" ಎಂದು ನಾನು ಸಮಾಧಾನ ಹೇಳುತ್ತಿದ್ದೆ. ಅವನಿಗೆ ಅದರಿಂದ ಸಮಾಧಾನವಾಗುತ್ತಿರಲಿಲ್ಲ.

ಈ ಕೆಲಸದಲ್ಲಿ ಇನ್ನೊಂದು ಪದ್ಧತಿಯಿದೆ. ನೋಡುವವರ ಕಣ್ಣು ಚುರುಕಾಗಿದೆಯೋ, ತೂಕಡಿಸುತ್ತಿದೆಯೋ ತಿಳಿಯಬೇಕಲ್ಲ? ಅದಕ್ಕೆ ಅಸಲಿ ಫೋಟೋಗಳ ನಡುವೆ ಅಲ್ಲೊಂದು ಇಲ್ಲೊಂದು ಸುಳ್ಳು ನಕ್ಷತ್ರವನ್ನು ಕಂಪ್ಯೂಟರಿನಲ್ಲೇ ತಯಾರಿಸಿ ಅಂಟಿಸಿರುತ್ತಾರೆ. ತಂಡದವರು ಅದಕ್ಕೆ ಇಟ್ಟ ಹೆಸರು ಕಳ್ಳಚುಕ್ಕಿ. ಯಾವುದು ಕಳ್ಳ, ಯಾವುದು ಸಾಚಾ ಎಂಬುದು ಬೇರೊಂದು ಊರಿನಲ್ಲಿ ಕೂತು ಅಂಟಿಸುವ ಇಬ್ಬರಿಗೆ ಬಿಟ್ಟರೆ ಇನ್ನು ಯಾರಿಗೂ ತಿಳಿಯದು, ತಂಡದ ಮುಖ್ಯಸ್ಥರಿಗೂ ಸಹ. ಕೊನೆಯ ಹಂತಕ್ಕೆ ಬಂದಾಗ ಮಾತ್ರ ಆ ಇಬ್ಬರು ಬಾಯಿ ಬಿಡುತ್ತಾರೆ.

ಮುಖ್ಯಸ್ಥರು ಪ್ರೊಫೆಸರ್ ತಿರುನಾರಾಯಣ. ಹುಟ್ಟಿದ್ದು ಮೇಲುಕೋಟೆ, ಇರುವುದು ಬೆಂಗಳೂರು. ವಾರಕ್ಕೊಮ್ಮೆ ಕಂಪ್ಯೂಟರಿನ ಪರದೆಯ ಮೇಲೆ ಸಭೆ ನಡೆಸುತ್ತಾರೆ. ನಾನು ಶಿವಶಂಕರನ ಲ್ಯಾಬಿಗೆ ಟೀ ಕುಡಿಯಲು ಹೋದಾಗ ಆ ದನಿ ಕಿವಿಗೆ ಬಿತ್ತು. ಮೂಗಿನಲ್ಲಿ ಹೊರಟು, ನಿಧಾನವಾಗಿ ಮೆಟ್ಟಿಲಿಳಿದು ಬಾಯಿಗೆ ಬರುವ ದನಿ. ಮಾತಿಗೊಮ್ಮೆ "ಅದಾಗಿ". ಟೀ ಮುಗಿಯುವುದರೊಳಗೆ ಅವರು ನನ್ನೊಳಗೆ ಬಂದು ಕೂತಿದ್ದರು.

ಒಂದು ಶುಕ್ರವಾರ ಶಿವಶಂಕರ ನನ್ನನ್ನು ಎಳೆದುಕೊಂಡು ಹೋಗಿ ಕಂಪ್ಯೂಟರಿನ ಮುಂದೆ ನಿಲ್ಲಿಸಿದ.

"ನೋಡ್ಲಾ."

ನೋಡಿದೆ. ಎಣ್ಣೆ ಚೆಲ್ಲಿದ ಹಾಗೊಂದು ಮಬ್ಬು ಗ್ಯಾಲಕ್ಸಿ. ಅದರ ಅಂಚಿನಲ್ಲಿ, ಇದೆಯೆಂದರೆ ಇದೆ, ಇಲ್ಲವೆಂದರೆ ಇಲ್ಲ ಎನ್ನುವಂಥ ಚುಕ್ಕಿ.

"ಕಂಪ್ಯೂಟ್ರು ಕಸ ಅಂತು. ನಾನು ಅಲ್ಲ ಅಂದೆ. ಇನ್ನೂ ಯಾರೂ ಬರೆಸಿಲ್ಲ ಕಣ್ಲಾ, ಇಡೀ ಪ್ರಪಂಚ್ದಲ್ಲಿ! ಇನ್ನೊಂದು ದೊಡ್ಡ ದೂರದರ್ಶಕ್ದವ್ರು ಇದರ ಬೆಳಕನ್ನ ಬಣ್ಣಬಣ್ಣವಾಗಿ ಸೀಳಿ ನೋಡಿ ಹೂಂ ಅಂದ್ರೆ ಮುಗೀತು. ಅವರಿಗೆ ಕಳ್ಸೋ ಪಟ್ಟಿ ಭಾನುವಾರ ಮೂರ್ ಗಂಟೆಗೆ ಹೋಗ್ತದೆ. ಅಲ್ಲಿಗಂಟ ಯಾರ್ಗೂ ಬಾಯ್ಬುಡಬ್ಯಾಡ."

ನಾನು ಬಾಯಿ ಬಿಡಲಿಲ್ಲ. ಭಾನುವಾರ ಬೆಳಿಗ್ಗೆ ಮಾತ್ರ, ನನ್ನ ತಮ್ಮ ಹೊಸದಾಗಿ ತಂದಿದ್ದ ಸಿಮ್ಮಿನಿಂದ ಶಿವಶಂಕರನಿಗೆ ಫೋನು ಮಾಡಿ, ಪ್ರೊಫೆಸರರ ಬಾಯಿ ಬಿಟ್ಟೆ.

"ಶಿವಶಂಕರ್ ಅವರೇ, ತಿರುನಾರಾಯಣ ಮಾತಾಡ್ತಿರೋದು. ಅದಾಗಿ... ಇದನ್ನ ನಾನು ಹೇಳಬಾರದು. ನಿಜ ಹೇಳಬೇಕಂದ್ರೆ ನನಗೇ ಗೊತ್ತಾಗಬಾರದಿತ್ತು, ಗೊತ್ತಾಗಿಬಿಟ್ಟಿದೆ. ನಿಮ್ಮ ಚುಕ್ಕಿ, ಅದು ಕಳ್ಳಚುಕ್ಕಿ."

ಆ ಕಡೆ, ಹಿಂದೆ ಎಲ್ಲೋ ಕುಕ್ಕರು ಕೂಗಿತು.

"ಸರಿ ಸಾರ್" ಎಂದ ಕೊನೆಗೆ. "ತಿಳಿಸಿದ್ದಕ್ಕೆ ಉಪಕಾರವಾಯ್ತು ಸಾರ್."

ನಾನು ಫೋನಿಟ್ಟು ದಿಂಬಿಗೆ ಮುಖ ಒತ್ತಿ ನಕ್ಕೆ. ಆ ಮಧ್ಯಾಹ್ನವೇ ಕಿಕ್ಕೇರಿ ಹತ್ತಿರ ಅರ್ಪಿತಳ ಚಿಕ್ಕಪ್ಪ ಕೆಂಪಣ್ಣನ ಮನೆಯಲ್ಲಿ ಬೀಗರ ಊಟ. ಮಗಳ ಮದುವೆಯಾಗಿ ವಾರವಾಗಿತ್ತು. ಕರೆಯದಿದ್ದರೂ ಹೋಗುವವನು ನಾನು, ಕರೆದದ್ದರಿಂದ ಬೇಗ ಹೋಗುವವನಿದ್ದೆ. ಊಟದ ಹೊತ್ತಿಗೆ ನಿಜ ಹೇಳಿ, ಅವನ ಕೈಲಿ ನಾಲ್ಕು ಬೈಸಿಕೊಂಡು, ಇಬ್ಬರೂ ನಕ್ಕು, ಮಾಂಸದ ಮೇಲೆ ಗಮನ ಕೊಡುವುದು ನನ್ನ ಯೋಜನೆ.

ಬೀಗರ ಊಟದ ಮೊದಲ ಪಂಕ್ತಿಗೆ ನಮ್ಮ ಕಡೆ ಒಂದು ಶಿಸ್ತಿದೆ. ಹೊಸ ಬೀಗರಲ್ಲಿ ಹಿರಿಯರು ಎಲೆ ಬಿಟ್ಟು ಏಳುವವರೆಗೆ ಉಳಿದವರು ಏಳುವಂತಿಲ್ಲ. ಅದರಲ್ಲೂ ಮನೆಯ ಅಳಿಯ ನಡುವೆ ಎದ್ದನೋ, ಊಟದಲ್ಲಿ ಏನೋ ಕೊರತೆಯಾಗಿ ಮುನಿಸಿಕೊಂಡ ಎಂದೇ ಅರ್ಥ. ಬೀಗುವುದಕ್ಕೆಂದೇ ಬೀಗರಾದವರ ಮುಂದೆ ಅಂಥದ್ದೊಂದು ನಡೆದರೆ ಮೊಮ್ಮಕ್ಕಳ ಕಾಲದವರೆಗೂ ಅದೇ ಮಾತು.

ಅವತ್ತಿನ ಹಿರಿಯರು ವರನ ತಂದೆ ಮರಿಯಯ್ಯ. ದೊಡ್ಡ ಮೀಸೆ, ಸಣ್ಣ ತುತ್ತು. ಕೂರುವಾಗಲೇ ಅವರ ಹೆಂಡತಿ ಸೋಮಮ್ಮ ಹೆಂಗಸರ ಕಡೆಯಿಂದ ಕೂಗಿ, "ಏನ್ರೀ, ಡಾಕ್ಟ್ರು ಯೋಳಿರದು ಗ್ಯಾನ ಮಡಿಕಂಡು ಉಣ್ಣಿ!" ಎಂದು ಎಚ್ಚರಿಸಿದ್ದರು. ಮರಿಯಯ್ಯ ತಲೆಯಾಡಿಸಿ, ಇನ್ನೊಂದು ಸುತ್ತು ತಲೆಮಾಂಸಕ್ಕೆ ಕೈ ತೋರಿಸಿದ್ದರು.

ಅವರ ಪಕ್ಕ ಶಿವಶಂಕರ, ಶಿವಶಂಕರನ ಪಕ್ಕ ನಾನು. ಎಲೆಯಲ್ಲಿ ಮುದ್ದೆ ಹೊಗೆಯಾಡುತ್ತಿತ್ತು. ಕುರಿ ಕರುಳಿನ ಬೋಟಿ ಗೊಜ್ಜು ಬಂದಿತ್ತು. ಶಿವಶಂಕರ ಮುದ್ದೆಯಲ್ಲಿ ಬೆರಳಿನಿಂದ ಒಂದು ಗುಳಿ ಮಾಡಿ, ಅದನ್ನೇ ನೋಡುತ್ತ ಕೂತಿದ್ದ.

"ಉಣ್ಣಲ್ವೇನ್ಲಾ?" ಎಂದೆ.

"ಅದು ಕಳ್ಳಚುಕ್ಕಿ ಅಂತೆ ಕಣ್ಲಾ. ಪ್ರೊಫೆಸರ್ರೇ ಫೋನ್ ಮಾಡಿ ಹೇಳಿದ್ರು. ಪಾಪ, ದೊಡ್ಡ ಮನುಷ್ಯ, ನಿಯಮ ಮುರಿದು ಹೇಳಿದ್ರು."

ನಾನು ನಗು ತಡೆದು, "ಹೋಗ್ಲಿ ಬುಡು, ಮೂರ್ ಗಂಟೆಗೆ ಪಟ್ಟಿ ಹೋದ್ಮೇಲೆ ನೋಡಣ" ಎಂದೆ.

"ಇನ್ನೆಲ್ಲಿ ಪಟ್ಟಿ? ಆಗ್ಲೇ ವಾಪಸ್ ತಕಂಡೆ. ಕಾರಣ ಅನ್ನೋ ಕಡೆ 'ಕಳ್ಳಚುಕ್ಕಿ' ಅಂತ ಬರ್ದು ಒತ್ತಿ ಬಂದ್ಬುಟ್ಟೆ."

ನನ್ನ ಬಾಯಲ್ಲಿದ್ದ ತುತ್ತು ಹೋಗಬೇಕಾದ ದಾರಿ ಮರೆತು ಅಲ್ಲೇ ನಿಂತಿತು. ವಾಪಸ್ ತೆಗೆದುಕೊಂಡ ಚುಕ್ಕಿ ಯಾರ ಸ್ವತ್ತೂ ಅಲ್ಲ. ನಾಳೆ ಇನ್ನೊಬ್ಬ ಅದನ್ನು ನೋಡಿ ಹೂಂ ಎಂದರೆ, ಅವನ ಹೆಸರಿಗೆ. ಇಷ್ಟು ವರ್ಷ ಕಾದವನು ಇಟಲಿಯವಳಿಗೆ ಇನ್ನೊಂದು ಕಾಫಿ ಕುಡಿಸಿದ ಹಾಗಾಗುತ್ತಿತ್ತು.

"ಶಂಕ್ರ" ಎಂದೆ, ನುಂಗಿಕೊಂಡು. "ಅದು ನಾನು ಕಣ್ಲಾ. ಫೋನ್ ಮಾಡಿದ್ದು."

ಅವನು ನನ್ನ ಕಡೆ ತಿರುಗಿ ಕರುಣೆಯಿಂದ ನಕ್ಕ. "ನಂಗೆ ಬೇಜಾರಾಗ್ಬಾರ್ದು ಅಂತ ಯೋಳ್ತಿದ್ದೀಯ. ನೀನೂ ಒಳ್ಳೇವ್ನೇ ಕಣ್ಲಾ ಒಂದೊಂದ್ಸಲ."

ಬೇರೆ ದಾರಿಯಿರಲಿಲ್ಲ. ಮೂಗಿನೊಳಗಿಂದ ಪ್ರೊಫೆಸರರನ್ನು ಹೊರಗೆ ಕರೆದೆ. "ಅದಾಗಿ... ನನಗೇ ಗೊತ್ತಾಗಬಾರದಿತ್ತು, ಶಿವಶಂಕರ್ ಅವರೇ."

ಅವನ ಮುಖದಿಂದ ಕರುಣೆ ಇಳಿಯಿತು. ಅದರ ಜಾಗಕ್ಕೆ ಬಂದದ್ದು ಏನು ಎಂದು ನೋಡುವ ಧೈರ್ಯವಾಗದೆ ಎಲೆ ನೋಡಿದೆ. ಅಷ್ಟರಲ್ಲಿ ಅವನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರು. ಎಡಗೈಯಲ್ಲಿ ತೆಗೆದು ಸ್ಪೀಕರಿಗೆ ಹಾಕಿದ.

"ಶಿವಶಂಕರ್ ಅವರೇ, ತಿರುನಾರಾಯಣ. ಅದಾಗಿ..."

"ಲೇ ಲೋಕ, ಮುಚ್ಲಾ ಬಾಯ್ನ!" ಎಂದು ಶಿವಶಂಕರ ಗುಡುಗಿದ.

ಬಾಯಿ ಮುಚ್ಚಿಯೇ ಇತ್ತು. ಮುಚ್ಚಿದ ಬಾಯನ್ನು ಅವನಿಗೆ ತೋರಿಸಿದೆ. ಅವನು ನೋಡಿದ. ಸಾಲದು ಎಂಬಂತೆ ಬೋಟಿ ಗೊಜ್ಜಿನ ಕೈಯಿಂದಲೇ ನನ್ನ ಎರಡು ಕೆನ್ನೆಯನ್ನೂ ಒತ್ತಿ ಹಿಡಿದ. ಫೋನು ಮಾತಾಡಿತು.

"ನಾನು ಬಾಯಿ ಮುಚ್ಚಿಕೊಂಡರೆ ವಿಷಯ ಹೇಗೆ ತಿಳಿಸೋದು, ಶಿವಶಂಕರ್ ಅವರೇ?"

ಕೆನ್ನೆ ಬಿಡುಗಡೆಯಾಯಿತು. ಶಿವಶಂಕರ ಕೂತಲ್ಲೇ ನೆಟ್ಟಗಾದ. "ಸಾರ್! ನಿಮಗಲ್ಲ ಸಾರ್. ಇಲ್ಲಿ ಒಂದು... ಒಂದು ಪ್ರಾಣಿ ಇದೆ ಸಾರ್."

"ಇರಲಿ. ನಿಮ್ಮ ಚುಕ್ಕಿನ ಯಾಕೆ ವಾಪಸ್ ತಗೊಂಡ್ರಿ? ಕಾರಣ ಕಳ್ಳಚುಕ್ಕಿ ಅಂತ ಬರೆದಿದ್ದೀರಿ. ನನಗೇ ಗೊತ್ತಿಲ್ಲದ್ದು ನಿಮಗೆ ಹೇಗೆ ಗೊತ್ತು?"

"ನೀವೇ ಬೆಳಿಗ್ಗೆ ಹೇಳಿದ್ರಲ್ಲ ಸಾರ್... ಅಲ್ಲ, ಹೇಳಲಿಲ್ಲ ಸಾರ್. ತಪ್ಪಾಯ್ತು ಸಾರ್."

"ಊಹೆ ಮೇಲೆಲ್ಲ ವಾಪಸ್ ತಗೋಬಾರದು. ಸೊಗಸಾಗಿ ಕಾಣ್ತಿದೆ ಅದು. ಮೂರು ಗಂಟೆಯೊಳಗೆ ನೀವೇ ಮತ್ತೆ ಸೇರಿಸಿಬಿಡಿ, ನಿಮ್ಮ ಪಾಸ್‌ವರ್ಡಿನಿಂದಲೇ ಆಗಬೇಕು. ಅದಾಗಿ, ಆ ಪ್ರಾಣಿ ಹುಷಾರು."

ಎರಡೂವರೆ ದಾಟಿತ್ತು. ಕೆಂಪಣ್ಣನ ಅಂಗಳದಲ್ಲಿ ಮಾತು ಕೇಳುವಷ್ಟು ಸಿಗ್ನಲ್ ಇದೆ, ಇಂಟರ್‌ನೆಟ್ ಇಲ್ಲ. ಅದು ಬೇಕಾದರೆ ಊರಾಚೆ ನೀರಿನ ಟ್ಯಾಂಕಿನ ಹತ್ತಿರ ಹೋಗಬೇಕು. ಶಿವಶಂಕರ ಏಳಲು ಒಂದು ಮೊಣಕಾಲು ಎತ್ತಿದ್ದೇ ತಡ, ಬಡಿಸುತ್ತಿದ್ದ ಕೆಂಪಣ್ಣ ಸೌಟು ಹಿಡಿದು ಬಂದುಬಿಟ್ಟ.

"ಏನಳಿಯಂದ್ರೆ, ಉಪ್ಪು ಸಾಲ್ದಾ? ಖಾರ ಜಾಸ್ತಿ ಆಯ್ತಾ? ಬೀಗ್ರು ನೋಡ್ತಾವ್ರೆ, ಕುಂತ್ಕಳಿ."

"ಏನಿಲ್ಲ ಮಾವ, ಕಾಲು ಜೋಮು ಹಿಡ್ದಿತ್ತು" ಎಂದು ಮೊಣಕಾಲು ಇಳಿಸಿದ.

ನಾವಿಬ್ಬರೂ ಮರಿಯಯ್ಯನವರನ್ನು ನೋಡಿದೆವು. ಅವರು ಮೂಳೆಯೊಂದನ್ನು ಎತ್ತಿಕೊಂಡು, ಅದರ ತುದಿಯಲ್ಲಿ ತುಟಿಯಿಟ್ಟು, ಕಣ್ಣು ಮುಚ್ಚಿ ಎಳೆಯುತ್ತಿದ್ದರು. ಮೂಳೆಯಲ್ಲಿ ಇನ್ನೂ ಬಹಳ ಸರಕಿತ್ತು. ಎಲೆಯಲ್ಲಿ ಅಂಥ ಮೂಳೆಗಳು ಸಾಲಾಗಿ ಕಾದಿದ್ದವು.

"ನನ್ನ ಹೆಸ್ರು ಆ ಮೂಳೇಲಿ ಸಿಕ್ಕಾಕಂಡೈತೆ ಕಣ್ಲಾ" ಎಂದು ಶಿವಶಂಕರ ನನ್ನ ಕಿವಿಯಲ್ಲಿ ನರಳಿದ. "ನೀನೇ ಹಾಳು ಮಾಡ್ದೋನು, ನೀನೇ ಏನಾರ ಮಾಡು."

ನನಗಿರುವುದು ಒಂದೇ ವಿದ್ಯೆ. ಎಲೆಯ ಮೇಲೆ ಬಾಗಿ, ಮುಖ ಶಾಮಿಯಾನದ ಪರದೆಯ ಕಡೆ ತಿರುಗಿಸಿ, ಸೋಮಮ್ಮನವರ ದನಿ ಬಿಟ್ಟೆ.

"ಏನ್ರೀ! ಇನ್ನೂ ತಿಂತಾನೇ ಕುಂತಿದ್ದೀರಾ? ಬೆಳಿಗ್ಗೆ ಮಾತ್ರೆ ನುಂಗಿಲ್ಲ ನೀವು! ಏಳಿ ಮ್ಯಾಕೆ!"

ಮರಿಯಯ್ಯನವರ ಕಣ್ಣು ತೆರೆಯಿತು. ಮೂಳೆ ಎಲೆಗೆ ಬಿತ್ತು. "ಎದ್ದೆ ಕಣಮ್ಮೀ, ಎದ್ದೆ" ಎನ್ನುತ್ತ, ಮೀಸೆ ಒರೆಸಿಕೊಳ್ಳುವುದಕ್ಕೂ ನಿಲ್ಲದೆ ಎದ್ದೇಬಿಟ್ಟರು. ಅವರು ಎದ್ದ ಮೇಲೆ ಇನ್ನೇನು, ಪಂಕ್ತಿಯೇ ಎದ್ದಿತು. ಪಾಯಸಕ್ಕೆ ಕಾದಿದ್ದವರು ಶಾಪ ಹಾಕುತ್ತ ಎದ್ದರು. ಆ ಗಲಾಟೆಯಲ್ಲಿ ಶಿವಶಂಕರ ಪಂಚೆ ಎತ್ತಿಕಟ್ಟಿ ಟ್ಯಾಂಕಿನ ಕಡೆ ಓಡಿದ. ಹಿಂದೆ ನಾನು. ನಮ್ಮ ಹಿಂದೆ, ಕೈಗಂಟಿದ ವಾಸನೆ ಹಿಡಿದು, ಊರಿನ ನಾಯಿಗಳು.

ಗೊಜ್ಜು ಮೆತ್ತಿದ ಹೆಬ್ಬೆರಳನ್ನು ಫೋನು ಗುರುತಿಸಲಿಲ್ಲ. ಅವನು ನನ್ನ ಅಂಗಿಗೆ ಬೆರಳು ಒರೆಸಿದ. ಅದು ಇಸ್ತ್ರಿ ಮಾಡಿದ ಬಿಳಿ ಅಂಗಿ. ಆಮೇಲೆ ಅವನು ಟ್ಯಾಂಕಿನ ಕಂಬಕ್ಕೆ ಬೆನ್ನು ಕೊಟ್ಟು ಫೋನನ್ನು ಆಕಾಶಕ್ಕೆ ಹಿಡಿದ, ಇಳಿಸಿದ, ಒತ್ತಿದ, ಮತ್ತೆ ಹಿಡಿದ. ಪರದೆಯ ಮೇಲೆ ಗಾಲಿ ಸುತ್ತಿತು, ಸುತ್ತಿತು. ನಾಯಿಗಳೂ ಕೂತು ನೋಡಿದವು. ಮೂರಕ್ಕೆ ಇನ್ನೇನು ಎನ್ನುವಾಗ ಹಸಿರು ಗುರುತು ಬಂತು.

"ಸೇರ್ತು" ಎಂದು ಅವನು ಅಲ್ಲೇ ಮಣ್ಣಿನ ಮೇಲೆ ಕುಕ್ಕರಿಸಿದ.

ವಾಪಸು ಬಂದರೆ ಚಿಕ್ಕಬೋರಮ್ಮ ಸೊಂಟಕ್ಕೆ ಕೈಯಿಟ್ಟು ಬಾಗಿಲಲ್ಲೇ ನಿಂತಿದ್ದರು. ಒಳಗೆ ಸೋಮಮ್ಮ, "ನಾನೆಲ್ಲಿ ಕೂಗ್ದೆ? ನಾ ಬಾಯೇ ಬುಟ್ಟಿಲ್ಲ!" ಎನ್ನುತ್ತಿದ್ದರು. ಮರಿಯಯ್ಯ, "ನಿನ್ ದನಿ ನಂಗೆ ತಿಳ್ಯಾಕಿಲ್ವ? ಮೂವತ್ತು ವರ್ಸದಿಂದ ಕೇಳ್ತಾವ್ನಿ!" ಎನ್ನುತ್ತಿದ್ದರು.

"ಚುಕ್ಕಿಗೋಸ್ಕರ ಕುರಿಮಾಂಸ ಬುಟ್ಟು ಓಡೋದ್ರಾ ಅಳಿಮಯ್ಯ?" ಎಂದರು ಚಿಕ್ಕಬೋರಮ್ಮ.

"ಹೊಸ ಚುಕ್ಕಿ ಅತ್ತೆ. ನಾನೇ ಮೊದ್ಲು ನೋಡಿದ್ದು."

ಅವರ ಕೈ ಸೊಂಟದಿಂದ ಇಳಿಯಿತು. "ಅಂಗಾರೆ ಅದ್ಕೆ ನಿಮ್ಮೆಸ್ರು ಇಡ್ತರಾ?"

"ಹೆಸ್ರು ಇಡಲ್ಲ, ನಂಬರ್ ಕೊಡ್ತಾರೆ. ಕಂಡವ್ರು ಯಾರು ಅನ್ನೋ ಕಡೆ ನನ್ ಹೆಸ್ರು ಬರ್ತದೆ."

"ಬಸ್ಸಿಗ್ ಕೊಟ್ಟಂಗೆ ನಂಬರ್ರಾ?" ಎಂದರು. ಆದರೆ ಒಳಗೆ ಹೋಗಿ ಅಳಿಯನಿಗೆ ಬೇರೆ ಎಲೆ ಹಾಕಿಸಿ, ತಾವೇ ನಿಂತು ಬಡಿಸಿದರು. ಸಂಜೆಯೊಳಗೆ ಕಿಕ್ಕೇರಿ ಬಸ್ ಸ್ಟ್ಯಾಂಡಿನವರೆಗೂ ಸುದ್ದಿ ಹೋಗಿತ್ತು: ಚಿಕ್ಕಬೋರಮ್ಮನ ಅಳಿಯ ಹೊಸ ಚುಕ್ಕಿ ಹಿಡಿದವ್ರೆ. ನನಗೆ ಎಲೆ ಸಿಗಲಿಲ್ಲ.

ಬುಧವಾರ ಸಭೆ. ಶಿವಶಂಕರ ಹೊಸ ಅಂಗಿ ಹಾಕಿ, ತಲೆ ಬಾಚಿ, ಕಂಪ್ಯೂಟರಿನ ಮುಂದೆ ಕೂತಿದ್ದ. ನಾನು ಕ್ಯಾಮೆರಾಕ್ಕೆ ಕಾಣದಂತೆ ಪಕ್ಕದ ಸ್ಟೂಲಿನ ಮೇಲೆ. ಒಂದು ವೇಳೆ ಮಾತಾಡಿಬಿಟ್ಟರೆ ಎಂದು ಅವನು ನನ್ನ ಬಾಯಿಗೆ ನನ್ನದೇ ಕರವಸ್ತ್ರ ಕಟ್ಟಿಸಿದ್ದ. ಪರದೆಯ ತುಂಬ ಊರೂರಿನ ಮೇಷ್ಟ್ರುಗಳ ಮುಖ. ಅಂಟಿಸುವ ಆ ಇಬ್ಬರೂ ಒಂದು ಮೂಲೆಯಲ್ಲಿ ಕಾಣುತ್ತಿದ್ದರು, ಯಾಕೋ ಹುಬ್ಬು ಗಂಟಿಕ್ಕಿಕೊಂಡು.

ಪ್ರೊಫೆಸರ್ ಗಂಟಲು ಸರಿಮಾಡಿಕೊಂಡರು. "ಅದಾಗಿ... ಪಾಂಡವಪುರದ ಚುಕ್ಕಿ. ದೊಡ್ಡ ದೂರದರ್ಶಕದವರು ಅದರ ಕಡೆ ತಿರುಗೋದಕ್ಕೆ ಮುಂಚೆ, ನಿಯಮದ ಪ್ರಕಾರ, ಈ ಇಬ್ಬರನ್ನ ಕೇಳಿದೆವು. ಶಿವಶಂಕರ್ ಅವರೇ, ಬೇಜಾರು ಮಾಡ್ಕೋಬೇಡಿ. ಅದು ಕಳ್ಳಚುಕ್ಕಿ."

ಫ್ಯಾನು ಕಟಕಟ ಎಂದಿತು. ನಾನು ಶಿವಶಂಕರನ ಮುಖ ನೋಡಿದೆ. ಅದರಲ್ಲಿ ಏನೂ ಇರಲಿಲ್ಲ. ಎರಡು ಫೋಟೋ ಕಳೆದ ಮೇಲೆ ಏನೂ ಉಳಿಯದ ಆಕಾಶದ ಹಾಗಿತ್ತು.

"ಇಷ್ಟು ಮಂಕಾದ್ದನ್ನ ಇವರು ಇದುವರೆಗೂ ಅಂಟಿಸಿರಲಿಲ್ಲವಂತೆ" ಎಂದರು ಪ್ರೊಫೆಸರ್. "ಮನುಷ್ಯರ ಕಣ್ಣಿಗೆ ಸಿಗೋದೇ ಇಲ್ಲ ಅಂತ ಪಂತ ಕಟ್ಟಿದ್ದರಂತೆ. ನಿಮ್ಮೊಬ್ಬರಿಗೇ ಸಿಕ್ಕಿದ್ದು. ಅದಕ್ಕೆ ಇನ್ನು ಮೇಲೆ ಕಷ್ಟದ ಚುಕ್ಕಿಗಳೆಲ್ಲ ಮೊದಲು ನಿಮ್ಮ ಹತ್ತಿರವೇ ಬರ್ತವೆ. ಆದರೆ ಇವರಿಗೆ ಒಂದು ದೊಡ್ಡ ತಲೆನೋವು ಶುರುವಾಗಿದೆ. ಭಾನುವಾರ ಬೆಳಿಗ್ಗೆಯೇ ನೀವು ಅದನ್ನ ಕಳ್ಳಚುಕ್ಕಿ ಅಂತ ಬರೆದು ವಾಪಸ್ ತಗೊಂಡಿದ್ದೀರಿ. ಆ ಗುಟ್ಟು ಇದ್ದದ್ದು ಈ ಇಬ್ಬರ ಹತ್ತಿರ ಮಾತ್ರ. ಒಬ್ಬರ ಮೇಲೆ ಒಬ್ಬರಿಗೆ ಅನುಮಾನ ಬಂದು ಮೂರು ದಿನದಿಂದ ಮಾತು ಬಿಟ್ಟಿದ್ದಾರೆ. ದಯವಿಟ್ಟು ಹೇಳಿ, ನಿಮಗೆ ಹೇಳಿದವರು ಯಾರು?"

ಅಷ್ಟೂ ಮುಖಗಳು ಪರದೆಯಿಂದ ಮುಂದೆ ಬಾಗಿದವು. ಶಿವಶಂಕರ ನಿಧಾನವಾಗಿ ನನ್ನ ಕಡೆ ತಿರುಗಿದ. ಇವತ್ತು ಇದೇ ಲ್ಯಾಬಿನಲ್ಲಿ ನನಗೊಂದು ಗತಿ ಕಾಣಿಸುತ್ತಾನೆ ಎಂದುಕೊಂಡೆ.

ಮೊದಲು ಅವನ ಭುಜ ಅಲುಗಿತು. ಆಮೇಲೆ ಹೊಟ್ಟೆ. ಆಮೇಲೆ ಕುರ್ಚಿ. ಬಾಯಿಂದ ಸದ್ದು ಹೊರಟಾಗ ಪಕ್ಕದ ತರಗತಿಯ ಪಾಠ ನಿಂತಿತು. ಅವನು ಮೇಜು ಗುದ್ದಿದ, ಕಣ್ಣೊರೆಸಿದ, ಏನೋ ಹೇಳಹೊರಟು ಮತ್ತೆ ನಕ್ಕ. ಏನೆಂದು ತಿಳಿಯದಿದ್ದರೂ ಪ್ರೊಫೆಸರ್ ಮೂಗಿನಲ್ಲೇ ನಗತೊಡಗಿದರು, ಊರೂರಿನ ಮೇಷ್ಟ್ರುಗಳೂ ನಕ್ಕರು. ಕರವಸ್ತ್ರದೊಳಗೆ ನಾನೂ ನಕ್ಕೆ. ಅವನ ನಗುವಿನ ಮುಂದೆ ನಮ್ಮದೆಲ್ಲ ಕೆಮ್ಮು.

"ನಮ್ಮ... ನಮ್ಮ ಕನ್ನಡ ಮೇಷ್ಟ್ರು ಹೇಳಿದ್ರು ಸಾರ್!" ಎಂದ ಕೊನೆಗೆ, ಉಸಿರು ಸಿಕ್ಕಿ. ನನ್ನ ಬಾಯಿಯ ಬಟ್ಟೆ ಕಿತ್ತು, ಕೊರಳಪಟ್ಟಿ ಹಿಡಿದು ಕ್ಯಾಮೆರಾದ ಮುಂದೆ ಎಳೆದುಕೊಂಡ. "ಲೇ ಲೋಕ, ಇಷ್ಟ್ ವರ್ಷ ಬರೀ ಸುಳ್ಳೇ ಹೇಳ್ಕಂಡ್ ಬದುಕ್ದೋನು ನೀನು. ಬೇಕಾದಾಗ ನೆಟ್ಟಗೆ ಒಂದ್ ಸುಳ್ ಹೇಳಕ್ಕೂ ಬರಾಕಿಲ್ವಲ್ಲಲಾ ನಿಂಗೆ!" ಎಂದು, ಮತ್ತೆ ಮೊದಲಿನಿಂದ ನಗಲು ಶುರು ಮಾಡಿದ.